ಕಛೇರಿಯ ಕಡತ ಕಂಪ್ಯೂಟರಿಗೆ ಬಂದಾಗ

ಊರಿನ ಸಂಗೀತ ಸಭೆ, ಯಕ್ಷಗಾನ ಸಂಘ, ಭಜನಾ ಮಂದಿರ, ಯಾವುದನ್ನೇ ತೆಗೆದುಕೊಳ್ಳಿ, ಅದರ ಲೆಕ್ಕದ ಪುಸ್ತಕ ಕೊನೆಗೆ ಬಂದು ಸೇರುವುದು ಒಬ್ಬ ಮಾಷ್ಟ್ರ ಮನೆಗೆ, ಇಲ್ಲವೇ ಒಬ್ಬರು ಟೀಚರ ಮನೆಗೆ. "ನಿಮ್ಮ ಅಕ್ಷರ ಚಂದ ಉಂಟು, ಲೆಕ್ಕವೂ ಬರ್ತದೆ" ಎಂಬ ಎರಡು ಮಾತು ಸಾಕು, ಹತ್ತು ವರ್ಷ ಬಿಡುಗಡೆ ಇಲ್ಲ. ಈ ಪತ್ರಿಕೆಯ ಓದುಗರಲ್ಲಿ ಅನೇಕರು ಇಂಥ ಒಂದಲ್ಲ ಒಂದು ಸಂಘದ ಕಾರ್ಯದರ್ಶಿಯೋ ಕೋಶಾಧಿಕಾರಿಯೋ ಆಗಿರುತ್ತಾರೆ. ಆದ್ದರಿಂದ ಈ ಬಾರಿ ಪಾಠಪುಸ್ತಕದ ವಿಜ್ಞಾನ ಬಿಟ್ಟು, ಆ ಲೆಕ್ಕದ ಪುಸ್ತಕದೊಳಗಿನ ವಿಜ್ಞಾನವನ್ನು ನೋಡೋಣ.

ಕಾಸರಗೋಡಿನ ನಮ್ಮ ಹಳ್ಳಿಯ ಸಭೆಯದ್ದು ತಿಂಗಳಿಗೊಂದು ಕಛೇರಿ, ನವರಾತ್ರಿಗೆ ಒಂಬತ್ತು ದಿನ, ತ್ಯಾಗರಾಜ ಆರಾಧನೆಗೆ ಒಂದು ದಿನ. ಟಿಕೆಟ್ ಎಂಬುದಿಲ್ಲ. ಕಲಾವಿದರ ಸಂಭಾವನೆ, ಮೈಕ್, ಶಾಮಿಯಾನ, ಊಟ ಎಲ್ಲವೂ ದಾನಿಗಳ ಹಣದಲ್ಲಿ ನಡೆಯಬೇಕು. ಇಂಥ ಸಭೆಯ ಬಂಡವಾಳ ಹಣ ಅಲ್ಲ, ವಿಶ್ವಾಸ. ಮೃದಂಗದವರಿಗೆ ಸಂಭಾವನೆ ಕೊಟ್ಟದ್ದೋ ಇಲ್ಲವೋ ಎಂಬ ಪ್ರಶ್ನೆ ಒಮ್ಮೆ ಎದ್ದರೆ, ಅಥವಾ ಐದು ಸಾವಿರ ಕೊಟ್ಟವರಿಗೆ ಐನೂರರ ರಶೀದಿ ಹೋದರೆ, ಮರುವರ್ಷ ಅವರ ಮನೆಯ ಗೇಟು ತೆರೆಯುವುದಿಲ್ಲ. ಇಷ್ಟು ವರ್ಷ ಈ ವಿಶ್ವಾಸವನ್ನು ಕಾಯ್ದದ್ದು ಒಂದು ಕೆಂಪು ರಟ್ಟಿನ ಪುಸ್ತಕ ಮತ್ತು ಒಬ್ಬರ ನೆನಪಿನ ಶಕ್ತಿ. ಪುಸ್ತಕಕ್ಕೆ ಗೆದ್ದಲು, ನೆನಪಿಗೆ ವಯಸ್ಸು. ಹಾಗಾಗಿ ನಾವು ಮೂವರು, ನಾನು, ಗಣಿತದ ಟೀಚರ್ ಮತ್ತು ಎಂಜಿನಿಯರಿಂಗ್ ಓದುತ್ತಿರುವ ಒಬ್ಬ ಹಳೆ ವಿದ್ಯಾರ್ಥಿ, ಬೇಸಗೆ ರಜೆಯಲ್ಲಿ ಒಂದು ವೆಬ್ ಆ್ಯಪ್ ಮಾಡಲು ಕೂತೆವು.

ಮೊದಲು ಎಲ್ಲರೂ ಕೇಳುವ ಪ್ರಶ್ನೆ: ಒಂದು ಎಕ್ಸೆಲ್ ಶೀಟು ಸಾಲದೇ? ಸಭೆಯಲ್ಲಿ ಅಂಥದ್ದೊಂದು ಇತ್ತು. ಸಾಲಿಗೊಂದು ಕಛೇರಿ, ಕಾಲಂಗಳಲ್ಲಿ ತಾರೀಕು, ಗಾಯಕರು, ಪಿಟೀಲು, ಮೃದಂಗ, ಪ್ರಾಯೋಜಕರು, ಮೊತ್ತ. ಒಂದು ತಿಂಗಳು ಘಟವೂ ಬಂತು, ಕಾಲಂ ಒಂದು ಹೆಚ್ಚಿತು. ಮತ್ತೊಮ್ಮೆ ಮೋರ್ಸಿಂಗ್, ಇನ್ನೊಂದು ಕಾಲಂ. ಇಬ್ಬರು ಸಹೋದರಿಯರು ಹಾಡಿದ ದಿನ ಒಂದೇ ಖಾನೆಯಲ್ಲಿ ಎರಡು ಹೆಸರು. ಒಬ್ಬರು ಪಿಟೀಲು ವಾದಕರು ಆರು ಕಛೇರಿಗೆ ಬಂದಿದ್ದರೆ ಅವರ ಫೋನ್ ನಂಬರ್ ಆರು ಕಡೆ ಇದೆ. ನಂಬರ್ ಬದಲಾದಾಗ ನಾಲ್ಕು ಕಡೆ ತಿದ್ದಿ ಎರಡು ಕಡೆ ಬಿಟ್ಟುಹೋಗಿದೆ. ಈಗ ಯಾವುದು ಸರಿ? ಶೀಟಿಗೆ ಗೊತ್ತಿಲ್ಲ. ಸಾಲದ್ದಕ್ಕೆ ಅದೇ ಶೀಟಿನ ಮೂರು ನಕಲುಗಳು ಮೂರು ಜನರ ಫೋನಿನಲ್ಲಿ, ಮೂರೂ "ಫೈನಲ್" ಎಂಬ ಹೆಸರಿನಲ್ಲಿ.

ಈ ತಲೆನೋವಿಗೆ ಮದ್ದು ಕಂಡುಹಿಡಿದವರು ಎಡ್ಗರ್ ಕಾಡ್, ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂನಲ್ಲಿ ದುಡಿದ ಗಣಿತಜ್ಞ. 1970ರ ಜೂನ್‌ನಲ್ಲಿ ಪ್ರಕಟವಾದ ಅವರ ಲೇಖನದ ತಿರುಳು ನಮ್ಮ ಪ್ಲಸ್ ವನ್ ಗಣಿತದ ಮಕ್ಕಳಿಗೂ ಅರ್ಥವಾಗುವಂಥದ್ದು. ಎರಡು ಗಣಗಳ ಕಾರ್ಟೀಸಿಯನ್ ಗುಣಲಬ್ಧದ ಉಪಗಣವನ್ನು ಸಂಬಂಧ ಎನ್ನುತ್ತೇವಲ್ಲ, ಅದೇ. ಕಾಡ್ ಹೇಳಿದ್ದು: ಮಾಹಿತಿಯನ್ನೆಲ್ಲ ಇಂಥ ಸಂಬಂಧಗಳಾಗಿ, ಅಂದರೆ ಟೇಬಲ್‌ಗಳಾಗಿ ಇಡಿ, ಒಂದು ಸಂಗತಿಯನ್ನು ಒಂದೇ ಕಡೆ ಬರೆಯಿರಿ, ಬೇಕಾದಾಗ ಟೇಬಲ್‌ಗಳನ್ನು ಜೋಡಿಸಿ ಉತ್ತರ ಪಡೆಯಿರಿ. ಈ ಕೆಲಸಕ್ಕೆ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. "ಈ ಪಾಠ ಎಲ್ಲಿ ಉಪಯೋಗಕ್ಕೆ ಬರ್ತದೆ ಟೀಚರ್?" ಎಂದು ಕೇಳುವ ಮಕ್ಕಳಿಗೆ ರೇಷನ್ ಕಾರ್ಡ್, ರೈಲ್ವೆ ರಿಸರ್ವೇಶನ್, ನಾವು ದಿನಾ ಹಾಜರಿ ಹಾಕುವ 'ಸಂಪೂರ್ಣ' ತಂತ್ರಾಂಶ ಇವನ್ನು ತೋರಿಸಬಹುದು.

ಆದರೆ ಸಂಗೀತ ಕಛೇರಿಗೆ ಯಾವ ಯಾವ ಟೇಬಲ್ ಬೇಕು? ಇದಕ್ಕೆ ನಮಗೆ ಒಳ್ಳೆಯ ಮಾದರಿಯಾಗಿ ಸಿಕ್ಕಿದ್ದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಎಂಬ ವಾದ್ಯವೃಂದದ ದಾಖಲೆ. ಅದೂ ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. 1842ರ ಡಿಸೆಂಬರ್ 7ರಂದು ಅವರ ಮೊದಲ ಕಛೇರಿ. ಅಂದಿನಿಂದ ಇಂದಿನವರೆಗಿನ ಕಾರ್ಯಕ್ರಮಗಳ ವಿವರವನ್ನು ಅವರು ಯಾರು ಬೇಕಾದರೂ ಬಳಸುವಂತೆ ಗಿಟ್‌ಹಬ್‌ನಲ್ಲಿ ಇಟ್ಟಿದ್ದಾರೆ. ಅದರ ರಚನೆ ನೋಡುವಾಗ ಅನುಭವಸ್ಥರ ಕೈ ಕಾಣುತ್ತದೆ. ಅಲ್ಲಿ 'ಕಾರ್ಯಕ್ರಮ' ಬೇರೆ, 'ಕಛೇರಿ' ಬೇರೆ. ಅದೇ ಕೃತಿಗಳು, ಅದೇ ನಿರ್ದೇಶಕರು, ಅದೇ ಕಲಾವಿದರು ಗುರುವಾರವೂ ಶನಿವಾರವೂ ನುಡಿಸಿದರೆ ಕಾರ್ಯಕ್ರಮ ಒಂದು, ಕಛೇರಿ ಎರಡು. ನಿರ್ದೇಶಕರ ಹೆಸರನ್ನು ಆ ದಿನಕ್ಕೆ ಅಂಟಿಸದೆ ಪ್ರತಿ ಕೃತಿಗೆ ಅಂಟಿಸಿದ್ದಾರೆ, ಯಾಕೆಂದರೆ ಒಂದೇ ಸಂಜೆ ಇಬ್ಬರು ನಿರ್ದೇಶಕರು ಇರಬಹುದು. ಇನ್ನೂ ತಮಾಷೆಯದ್ದು, ಮಧ್ಯಂತರ ವಿರಾಮವೂ ಕೃತಿಗಳ ಸಾಲಿನಲ್ಲೇ ಒಂದು ನಮೂದು. ಯಾವ ಕೃತಿಯ ನಂತರ ಜನ ಎದ್ದು ಹೋದರು ಎಂಬುದೂ ಚರಿತ್ರೆಯೇ ಅಲ್ವಾ. (ನಮ್ಮಲ್ಲಿ ಜನ ಎದ್ದು ಹೋಗುವುದು ತನಿ ಆವರ್ತನಕ್ಕೆ, ಅದಕ್ಕೆ ಟೇಬಲ್ ಮಾಡಲು ಮೃದಂಗದವರು ಒಪ್ಪಲಿಲ್ಲ.)

ನಮ್ಮ ಆ್ಯಪ್‌ನಲ್ಲಿ ಕಲಾವಿದರಿಗೆ ಒಂದು ಟೇಬಲ್, ಕಛೇರಿಗೆ ಒಂದು. ಇವೆರಡರ ನಡುವೆ ಮೂರನೆಯದೊಂದು: ಯಾವ ಕಛೇರಿಯಲ್ಲಿ, ಯಾವ ಕಲಾವಿದರು, ಯಾವ ಪಾತ್ರದಲ್ಲಿ, ಎಷ್ಟು ಸಂಭಾವನೆಗೆ. ಇಡೀ ಆ್ಯಪ್‌ನ ಬೆನ್ನೆಲುಬು ಈ ನಡುವಿನ ಟೇಬಲ್. ಘಟ ಬಂದರೆ ಇನ್ನು ಕಾಲಂ ಸೇರಿಸಬೇಕಾಗಿಲ್ಲ, ಸಾಲು ಸೇರಿಸಿದರೆ ಆಯಿತು. ಒಬ್ಬರೇ ಒಮ್ಮೆ ಗಾಯಕರಾಗಿ, ಇನ್ನೊಮ್ಮೆ ತಂಬೂರಿಗೆ ಕೂತವರಾಗಿ ಬಂದರೂ ತೊಂದರೆ ಇಲ್ಲ. ಮಕ್ಕಳಿಗೆ ಹೇಳುವುದಾದರೆ, ಒಬ್ಬ ವಿದ್ಯಾರ್ಥಿಗೆ ಅನೇಕ ವಿಷಯ, ಒಂದು ವಿಷಯಕ್ಕೆ ಅನೇಕ ವಿದ್ಯಾರ್ಥಿ. ಇಬ್ಬರೂ ಸೇರುವ ಜಾಗ ಮಾರ್ಕ್ ಪಟ್ಟಿ. ಅಂಕ ವಿದ್ಯಾರ್ಥಿಯದ್ದೂ ಅಲ್ಲ, ವಿಷಯದ್ದೂ ಅಲ್ಲ, ಆ ಜೋಡಿಯದ್ದು. ಸಂಭಾವನೆಯೂ ಹಾಗೆಯೇ.

ಕೃತಿಗಳ ವಿಷಯಕ್ಕೆ ಬಂದಾಗ ಚರ್ಚೆ ಮೂರು ಸಂಜೆ ನಡೆಯಿತು. ರಾಗವನ್ನು ಎಲ್ಲಿ ಬರೆಯಬೇಕು? ಮುತ್ತುಸ್ವಾಮಿ ದೀಕ್ಷಿತರ ಕೃತಿಗಳಾದರೆ ರಾಗ ಕೃತಿಗೇ ಅಂಟಿಕೊಂಡಿದೆ; ಎಷ್ಟೋ ಕೃತಿಗಳಲ್ಲಿ ರಾಗದ ಹೆಸರು ಸಾಹಿತ್ಯದೊಳಗೇ ಬರುತ್ತದೆ. ಆದರೆ ಪುರಂದರದಾಸರ ದೇವರನಾಮಗಳ ಮೂಲ ಧಾಟಿ ಉಳಿದುಬಂದಿಲ್ಲ. ಒಬ್ಬರು ಒಂದು ರಾಗದಲ್ಲಿ ಹಾಡಿದ್ದನ್ನು ಮತ್ತೊಬ್ಬರು ಬೇರೆಯದರಲ್ಲಿ ಹಾಡುತ್ತಾರೆ, ಇನ್ನೊಬ್ಬರು ರಾಗಮಾಲಿಕೆ ಮಾಡುತ್ತಾರೆ. ಹಾಗಾಗಿ ರಾಗವನ್ನು ಕೃತಿಯ ಟೇಬಲ್‌ನಲ್ಲಿ ಬರೆದರೆ ದಾಸರ ಪದಗಳಿಗೆ ಅನ್ಯಾಯ. ಕೊನೆಗೆ 'ಪ್ರಸ್ತುತಿ' ಎಂಬ ಟೇಬಲ್ ಮಾಡಿ, ಆ ದಿನ ಆ ಕೃತಿಯನ್ನು ಎಷ್ಟನೆಯದಾಗಿ, ಯಾವ ರಾಗದಲ್ಲಿ, ಯಾವ ತಾಳದಲ್ಲಿ ಹಾಡಿದರು ಎಂಬುದನ್ನು ಅಲ್ಲಿ ಇಟ್ಟೆವು. ನ್ಯೂಯಾರ್ಕಿನವರು ನಿರ್ದೇಶಕರ ಹೆಸರನ್ನು ಕೃತಿಗೆ ಅಂಟಿಸಿದ ತರ್ಕವೇ ಇದು. ಅಕ್ಕಲಕೋಟೆಯ ಕಡೆ ಹಿಂದೂಸ್ತಾನಿ ಬೈಠಕ್ ನಡೆಸುವವರಿಗೆ ಇಲ್ಲಿ ಇನ್ನೊಂದು ಬದಲಾವಣೆ ಬೇಕಾದೀತು. ಖಯಾಲಿನಲ್ಲಿ ಬಂದಿಶ್‌ಗಿಂತ ರಾಗವೇ ಮೊದಲು.

ಪ್ರತಿ ಸಾಲಿಗೂ ಗುರುತಿನ ಸಂಖ್ಯೆಯೊಂದು ಬೇಕು, ಅದನ್ನು ಕೀ ಎನ್ನುತ್ತಾರೆ. ರಾಗಗಳಿಗೆ ಆ ಸಂಖ್ಯೆಯನ್ನು ನಮ್ಮ ಹಿರಿಯರೇ ಕೊಟ್ಟುಬಿಟ್ಟಿದ್ದಾರೆ: 72 ಮೇಳಕರ್ತ ರಾಗಗಳು. ಅಷ್ಟೇ ಅಲ್ಲ, ಸಂಖ್ಯೆಯನ್ನು ಹೆಸರಿನೊಳಗೇ ಅಡಗಿಸಿಟ್ಟಿದ್ದಾರೆ. ಕೇರಳದ ಗಣಿತಜ್ಞರು ತಮ್ಮ ಲೆಕ್ಕಗಳಿಗೆ ಧಾರಾಳವಾಗಿ ಬಳಸಿದ ಕಟಪಯಾದಿ ಸೂತ್ರ ಇದು. ಕ, ಟ, ಪ, ಯ ನಾಲ್ಕಕ್ಕೂ ಬೆಲೆ 1. ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲಿ 2, 3 ಎಂದು ಏರುತ್ತದೆ. ಞ ಮತ್ತು ನ ಸೊನ್ನೆ. ಮೊದಲ ಎರಡು ಅಕ್ಷರದ ಬೆಲೆ ಬರೆದು ತಿರುವಿ ಓದಬೇಕು. ಮಾಯಾಮಾಳವಗೌಳ: ಮ 5, ಯ 1, ತಿರುವಿದರೆ 15. ಶಂಕರಾಭರಣಕ್ಕೆ 'ಧೀರ' ಸೇರಿದ್ದು ಈ ಲೆಕ್ಕಕ್ಕಾಗಿಯೇ: ಧ 9, ರ 2, ಅಂದರೆ 29. ಕಲ್ಯಾಣಿಗೆ 'ಮೇಚ' ಸೇರಿ 65. ಹನುಮತೋಡಿಯನ್ನು ಮಕ್ಕಳಿಗೆ ಬಿಡಿ, ಸೊನ್ನೆಯ ಪ್ರಶ್ನೆ ಬರುವುದರಿಂದ ಚೆನ್ನಾಗಿ ತಲೆ ಓಡಿಸುತ್ತಾರೆ. ಆದರೂ ಇದನ್ನು ನಾವು ಎಲ್ಲ ರಾಗಗಳ ಕೀ ಆಗಿ ಬಳಸಲಿಲ್ಲ. ಮೋಹನದಂಥ ಜನ್ಯರಾಗಗಳಿಗೆ ಸ್ವಂತ ಮೇಳ ಸಂಖ್ಯೆ ಇಲ್ಲ. ಅವು ತಾಯಿ ಮೇಳವನ್ನು ತೋರಿಸಬೇಕು, ಮೋಹನಕ್ಕೆ 28, ಹರಿಕಾಂಬೋಜಿ. ಕೀ ಎಂಬುದು ಅರ್ಥವಿಲ್ಲದ ಬರೇ ಸಂಖ್ಯೆಯಾಗಿದ್ದರೆ ಕ್ಷೇಮ. ಅರ್ಥವಿರುವ ಸಂಖ್ಯೆಗೆ ಬೇರೆ ಕಾಲಂ ಕೊಡಿ.

ಹೆಸರನ್ನು ಕೀ ಮಾಡುವುದಂತೂ ಗಡಿನಾಡಿನಲ್ಲಿ ಸಾಧ್ಯವೇ ಇಲ್ಲ. ಒಬ್ಬರದೇ ಹೆಸರು ಆಧಾರದಲ್ಲಿ ಇಂಗ್ಲಿಷಿನಲ್ಲಿ ಒಂದು ಬಗೆ, ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಇನ್ನೊಂದು ಬಗೆ, ಆಮಂತ್ರಣದಲ್ಲಿ ಕನ್ನಡದಲ್ಲಿ ಮತ್ತೊಂದು ಬಗೆ. ಸುಬ್ರಹ್ಮಣ್ಯ, ಸುಬ್ರಮಣ್ಯ, ಸುಬ್ರಾಯ. ಜೊತೆಗೆ ಮನೆಹೆಸರು ಹಿಂದೋ ಮುಂದೋ. ಸೊಲ್ಲಾಪುರದವರಿಗೆ ಮರಾಠಿ, ಮಡಕಶಿರದವರಿಗೆ ತೆಲುಗು ಎಂಬಷ್ಟೇ ವ್ಯತ್ಯಾಸ, ಫಜೀತಿ ಒಂದೇ. ಆದ್ದರಿಂದ ಒಬ್ಬ ಕಲಾವಿದರಿಗೆ ಎಷ್ಟು ಬಗೆಯ ಹೆಸರು ಬೇಕಾದರೂ ಸೇರಿಸುವಂತೆ ಮಾಡಿ, ಆಮಂತ್ರಣದಲ್ಲಿ ಅಚ್ಚಾಗಬೇಕಾದದ್ದು ಯಾವುದು ಎಂಬುದನ್ನು ಅವರನ್ನೇ ಕೇಳಿ ಗುರುತು ಹಾಕಿದೆವು.

ಕನ್ನಡ ಅಕ್ಷರಗಳೇ ತರುವ ಇನ್ನೊಂದು ತೊಡಕು ಉಂಟು, ಇದು ತರಗತಿಯಲ್ಲಿ ತೋರಿಸುವಂಥದ್ದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಪಟ್ಟಿ ಇದೆ. 'ಕೊಳಲು' ಎಂಬ ಪದವನ್ನು ನೋಡಿ. 'ಕೊ' ಅಕ್ಷರವನ್ನು ಕ ಮತ್ತು ಒತ್ವ ಎಂದು ಎರಡು ಸಂಕೇತಗಳಲ್ಲಿ ಬರೆಯಬಹುದು. ಅಥವಾ ಕ, ಎತ್ವ, ಊತ್ವ ಎಂದು ಮೂರರಲ್ಲೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಮೊದಲನೆಯದು 5 ಸಂಕೇತಗಳ ಪದ, ಎರಡನೆಯದು 6ರದ್ದು. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಬೇರೆ ಬೇರೆ ಕೀಬೋರ್ಡಿನಿಂದ ಟೈಪ್ ಮಾಡಿದಾಗ, ಹಳೆಯ ಕಡತಗಳನ್ನು ಪರಿವರ್ತಿಸಿದಾಗ ಹೀಗಾಗುವುದುಂಟು. ಪರಿಹಾರ ಇದೆ: ಉಳಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಸಾಮಾನ್ಯೀಕರಣ ಎಂಬ ಕ್ರಮ, ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ. ಹಳೆಯ ಆಮಂತ್ರಣಗಳು ನುಡಿ, ಬರಹದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿದ್ದರೆ ಮಾತ್ರ ಮೊದಲು ಪರಿವರ್ತಕದ ಮೂಲಕ ಹಾಯಿಸಿ, ಆಮೇಲೆ ಒಬ್ಬರು ಕೂತು ಓದಿ ನೋಡಲೇಬೇಕು.

ಆ್ಯಪ್ ಕಟ್ಟಿದ್ದು ಜ್ಯಾಂಗೋ ಎಂಬ ಉಚಿತ ಸಾಧನದಲ್ಲಿ. ಅದರ ಹುಟ್ಟು ನಮ್ಮ ಕೆಲಸಕ್ಕೆ ಹತ್ತಿರದ್ದು. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಇದನ್ನು ಆರಂಭಿಸಿದರು. ಊರಿನ ಸುದ್ದಿ, ಊರಿನ ಬ್ಯಾಂಡುಗಳು, ಕಾರ್ಯಕ್ರಮಗಳು ಇವನ್ನೆಲ್ಲ ಬೇಗ ಬೇಗ ಜಾಲಕ್ಕೆ ಏರಿಸುವ ಅಗತ್ಯ ಅವರದ್ದಾಗಿತ್ತು. 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಹೆಸರು ಬಂದದ್ದು ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್ ಅವರಿಂದ. 1928ರ ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳುಗಳು ಕೆಲಸಕ್ಕೆ ಬಾರದಂತಾದರೂ ಉಳಿದ ಬೆರಳುಗಳಲ್ಲೇ ಹೊಸ ಶೈಲಿ ಕಟ್ಟಿದವರು. ಟೇಬಲ್‌ಗಳು ಯಾವುವು ಎಂದು ಪೈಥಾನ್‌ನಲ್ಲಿ ಬರೆದು, ಅವನ್ನು ನಮೂದಿಸಿಕೊಂಡರೆ ಸಾಕು, ಸೇರಿಸುವ, ತಿದ್ದುವ, ಹುಡುಕುವ ಪುಟಗಳನ್ನು ಜ್ಯಾಂಗೋ ತಾನೇ ಕೊಡುತ್ತದೆ. ನಮ್ಮ ಸಭೆಗೆ ಬೇಕಾದ್ದರಲ್ಲಿ ಬಹುಪಾಲು ಅಲ್ಲಿಗೇ ಮುಗಿಯಿತು. ಮಾಹಿತಿ ಕೂರುವುದು ಎಸ್‌ಕ್ಯುಲೈಟ್‌ನಲ್ಲಿ, ರಿಚರ್ಡ್ ಹಿಪ್ 2000ದಲ್ಲಿ ಹೊರತಂದದ್ದು. ಇಡೀ ಸಭೆಯ ಚರಿತ್ರೆ ಒಂದೇ ಒಂದು ಫೈಲು. ಪೆನ್‌ಡ್ರೈವಿಗೆ ನಕಲು ಮಾಡಿ ಕಪಾಟಿನಲ್ಲಿ ಇಡಬಹುದು. ನಿಮ್ಮ ಕಿಸೆಯ ಆಂಡ್ರಾಯ್ಡ್ ಫೋನಿನಲ್ಲೂ ಇದೇ ಕೂತಿದೆ.

ವೆಬ್ ಆ್ಯಪ್ ಎಂದ ಕೂಡಲೇ ಇಂಟರ್ನೆಟ್ ಬೇಕು ಎಂದು ಅನೇಕರು ತಿಳಿಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಕೆ ಮರ ಬಿದ್ದು ಲೈನು ಹೋಗುವ ನಮ್ಮ ಊರಿನಲ್ಲಿ ಅದನ್ನು ನಂಬಿದರೆ ಆಗಲಿಕ್ಕಿಲ್ಲ. ಆ್ಯಪ್ ಇರುವುದು ಒಂದು ಲ್ಯಾಪ್‌ಟಾಪಿನಲ್ಲಿ. ಸಭಾಭವನದ ವೈಫೈಗೆ ಸೇರಿದ ಫೋನುಗಳು ಅದನ್ನೇ ತೆರೆಯುತ್ತವೆ.

ಹಣದ ಭಾಗ ಬರೆದದ್ದು ಗಣಿತದ ಟೀಚರ್. ಅವರು ಮೊದಲು ನಮ್ಮ ವಿದ್ಯಾರ್ಥಿಯಿಂದ ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿದರು. ಉತ್ತರ 0.30000000000000004. ಹತ್ತನೇ ಒಂದು ಭಾಗವನ್ನು ದ್ವಿಮಾನ ಪದ್ಧತಿಯಲ್ಲಿ ಪೂರ್ತಿ ಬರೆಯಲಿಕ್ಕೆ ಆಗುವುದಿಲ್ಲ, ನಮ್ಮ ದಶಮಾನದಲ್ಲಿ ಮೂರನೇ ಒಂದು ಭಾಗ 0.333 ಎಂದು ಮುಗಿಯದೆ ಹೋಗುವ ಹಾಗೆ. ಆದ್ದರಿಂದ ಮೊತ್ತವನ್ನೆಲ್ಲ ಪೈಸೆಯ ಪೂರ್ಣಾಂಕದಲ್ಲಿ ಇಡುವುದೆಂದಾಯಿತು. ಎರಡನೆಯದು ರಶೀದಿ ಸಂಖ್ಯೆ. ನವರಾತ್ರಿಯಲ್ಲಿ ಎರಡು ಮೇಜುಗಳಲ್ಲಿ ಇಬ್ಬರು ಕೂತು ಒಂದೇ ಕ್ಷಣದಲ್ಲಿ ದೇಣಿಗೆ ಬರೆದರೆ, ಇಬ್ಬರೂ "ಕೊನೆಯ ಸಂಖ್ಯೆ 140, ನನ್ನದು 141" ಎಂದುಕೊಳ್ಳಬಹುದಲ್ಲ? ಅದಕ್ಕೆ ಸಂಖ್ಯೆ ಕೊಡುವುದು ಮತ್ತು ದೇಣಿಗೆ ಬರೆಯುವುದು ಎರಡೂ ಒಂದೇ ವ್ಯವಹಾರವಾಗಿ ನಡೆಯಬೇಕು. ಆದರೆ ಎರಡೂ ಆಗಬೇಕು, ನಡುವೆ ಕರೆಂಟ್ ಹೋದರೆ ಎರಡೂ ಆಗಬಾರದು. ರಶೀದಿ ಅಳಿಸುವ ಗುಂಡಿ ಇಲ್ಲವೇ ಇಲ್ಲ. ತಪ್ಪಾದರೆ 'ರದ್ದು' ಎಂದು ಕಾರಣ ಬರೆದು ಹೊಸದು ಕೊಡುವುದು. ಕಾಗದದ ರಶೀದಿ ಪುಸ್ತಕದಲ್ಲಿ ಹಾಳೆ ಹರಿಯಬಾರದು ಎಂಬ ಹಳೆಯ ನಿಯಮವೇ ಇದು.

ಕಾಸರಗೋಡಿನಲ್ಲಿ ದಾನಿಗಳ ಪಟ್ಟಿ ಎಂದರೆ ಗಲ್ಫ್ ಇಲ್ಲದೆ ಮುಗಿಯುವುದಿಲ್ಲ. ಇಲ್ಲಿ 'ಪೌರತ್ವ' ಎಂಬ ಕಾಲಂ ಕಡ್ಡಾಯ ಮಾಡಿದೆವು, ವಿಳಾಸವಷ್ಟೇ ಸಾಲದು. ಭಾರತದ ಪೌರರು ದುಬೈಯಲ್ಲಿದ್ದು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದ್ದು ಕಾನೂನಿನ ಪ್ರಕಾರ ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದ ಊರ ಮಗಳು ಕಳುಹಿಸಿದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. 2010ರ ಕಾಯ್ದೆಯಂತೆ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಒಳ್ಳೆಯ ಮನಸ್ಸಿನ ಒಂದು ಚೆಕ್ ಇಡೀ ಸಭೆಯನ್ನು ಕಷ್ಟಕ್ಕೆ ದೂಡಬಹುದು. ಆ್ಯಪ್ ಅಂಥ ನಮೂದನ್ನು ತಡೆದು ಕೆಂಪು ಅಕ್ಷರದಲ್ಲಿ ಕೇಳುತ್ತದೆ. ಹಾಗೆಯೇ, 80ಜಿ ಎಂದು ನಾವು ಕರೆಯುತ್ತಾ ಬಂದ ತೆರಿಗೆ ರಿಯಾಯಿತಿ 2000 ರೂಪಾಯಿ ಮೀರಿದ ನಗದು ದೇಣಿಗೆಗೆ ಸಿಗುವುದಿಲ್ಲ. ರಶೀದಿ ಬರೆಯುವಾಗಲೇ ದಾನಿಗೆ ತಿಳಿಸಿದರೆ ಅವರು ಚೆಕ್ ಬರೆಯುತ್ತಾರೆ. ನಿಮ್ಮ ಸಂಘದ ಲೆಕ್ಕಪರಿಶೋಧಕರನ್ನು ಒಮ್ಮೆ ಕೂರಿಸಿಕೊಂಡೇ ಈ ಭಾಗ ಬರೆಯಿರಿ.

ಯಾರಿಗೆ ಏನು ಕಾಣಬೇಕು ಎಂಬುದರಲ್ಲಿ ನನ್ನದು ಸ್ವಲ್ಪ ಹಟ. ಬಾಗಿಲಲ್ಲಿ ನಿಲ್ಲುವ ಹುಡುಗರಿಗೆ ಕಾರ್ಯಕ್ರಮ ಪಟ್ಟಿ ಮಾತ್ರ. ಊಟದ ವ್ಯವಸ್ಥೆಯವರಿಗೆ ಕಲಾವಿದರ ಸಂಖ್ಯೆ, ಬರುವ ಹೊತ್ತು. ಯಾರು ಎಷ್ಟು ಕೊಟ್ಟರು ಎಂಬುದು ಕೋಶಾಧಿಕಾರಿ ಮತ್ತು ಕಾರ್ಯದರ್ಶಿಗೆ ಮಾತ್ರ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಆದರೆ ಕಾಯ್ದೆಗಿಂತ ಮೊದಲು, ನೂರು ರೂಪಾಯಿ ಕೊಟ್ಟವರ ಹೆಸರು ವಾಟ್ಸಾಪ್‌ನಲ್ಲಿ ಹತ್ತು ಸಾವಿರದವರ ಕೆಳಗೆ ಓಡಾಡುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಕೋಶಾಧಿಕಾರಿಗಳು ನಿವೃತ್ತ ಪೋಸ್ಟ್ ಮಾಷ್ಟ್ರು. ಎಲ್ಲವನ್ನೂ ಕೇಳಿಕೊಂಡು ಅವರು ಹೇಳಿದ್ದಿಷ್ಟು: "ಎಂತ ಮಾಷ್ಟ್ರೇ, ನಿಮ್ಮ ಮಿಷನ್ ಹಾಳಾದ ದಿವಸ ನಾನು ಯಾರ ಮುಖ ನೋಡುವುದು? ಪುಸ್ತಕ ನಾನು ಬಿಡುವುದಿಲ್ಲ."

"ಬಿಡುವುದು ಬೇಡ, ನೀವು ಬರೀರಿ. ತಿಂಗಳ ಕೊನೆಗೆ ಎರಡನ್ನೂ ತಾಳೆ ನೋಡುವ" ಎಂದರು ಟೀಚರ್.

ಹಾಗೇ ನಡೆಯುತ್ತಿದೆ. ತಿಂಗಳ ಲೆಕ್ಕವನ್ನು ಆ್ಯಪ್‌ನಿಂದ ಮುದ್ರಿಸಿ, ಅವರು ಕೆಂಪು ಪುಸ್ತಕದೊಡನೆ ಹೋಲಿಸಿ ಸಹಿ ಹಾಕುತ್ತಾರೆ. ಇದು ಮುದುಕರ ಹಟ ಎಂದು ಕೆಲವರು ನಗುತ್ತಾರೆ. ನನಗೆ ಇದು ಒಳ್ಳೆಯ ಎಂಜಿನಿಯರಿಂಗ್ ಎಂದೇ ಕಾಣುತ್ತದೆ. ವರ್ಷಕ್ಕೆ ನಾಲ್ಕು ಕಾರ್ಯಕ್ರಮ ಮಾಡುವ ಸಂಘವಾದರೆ ಪುಸ್ತಕವೊಂದೇ ಸಾಕು, ಆ್ಯಪ್ ಬೇಡ ಎಂದೂ ಹೇಳುತ್ತೇನೆ. ಮಾಡಿದವರು ಊರು ಬಿಟ್ಟರೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಶುರು ಮಾಡಬೇಡಿ. ನಮ್ಮಲ್ಲಿ ಶಾಲೆಯ ಲಿಟಲ್ ಕೈಟ್ಸ್ ಕೂಟದ ಇಬ್ಬರು ಮಕ್ಕಳು ಈಗ ಬ್ಯಾಕಪ್ ತೆಗೆಯಲು, ಅದನ್ನು ಇನ್ನೊಂದು ಲ್ಯಾಪ್‌ಟಾಪಿನಲ್ಲಿ ತೆರೆದು ಪರೀಕ್ಷಿಸಲು ಕಲಿತಿದ್ದಾರೆ.

ಅದೇ ಮಕ್ಕಳು ಹಳೆಯ ಪುಸ್ತಕದ ಕಛೇರಿಗಳನ್ನು ಒಂದೊಂದಾಗಿ ಸೇರಿಸುತ್ತಿದ್ದಾರೆ. ಅಲ್ಲಿ ಬಂದ ಪ್ರಶ್ನೆ: ಕೆಲವು ದಿನಗಳಲ್ಲಿ ಮೃದಂಗದವರ ಹೆಸರೇ ಇಲ್ಲ. ಮೃದಂಗ ಇರಲಿಲ್ಲವೋ, ಇದ್ದೂ ಬರೆಯಲಿಲ್ಲವೋ? ಸೊನ್ನೆ ಬೇರೆ, ಗೊತ್ತಿಲ್ಲದ್ದು ಬೇರೆ. ಡೇಟಾಬೇಸ್‌ನಲ್ಲಿ ಗೊತ್ತಿಲ್ಲದ್ದಕ್ಕೆ ನಲ್ ಎಂಬ ಪ್ರತ್ಯೇಕ ಗುರುತಿದೆ. ನಲ್ ಅನ್ನು ನಲ್‌ಗೆ ಹೋಲಿಸಿ ಸಮವೇ ಎಂದು ಕೇಳಿದರೆ ಹೌದು ಎಂದೂ ಬರುವುದಿಲ್ಲ, ಅಲ್ಲ ಎಂದೂ ಬರುವುದಿಲ್ಲ, 'ಗೊತ್ತಿಲ್ಲ' ಎಂದೇ ಬರುತ್ತದೆ. ಪಕ್ಕವಾದ್ಯದವರ ಹೆಸರು ಬಿಟ್ಟುಹೋಗಿರುವ ಅಂಥ ಕಛೇರಿಗಳನ್ನೆಲ್ಲ ಆ್ಯಪ್‌ನಿಂದ ಪಟ್ಟಿ ತೆಗೆದು, ಮಕ್ಕಳು ಈಗ ಪ್ರತಿ ತಿಂಗಳ ಕಛೇರಿಗೆ ಅರ್ಧ ಗಂಟೆ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತ ಹಿರಿಯರ ಹತ್ತಿರ ಹೋಗಿ, "ಅಜ್ಜಾ, ಆ ವರ್ಷದ ನವರಾತ್ರಿಯ ಮೂರನೇ ದಿನ ಮೃದಂಗ ಯಾರದ್ದು, ನೆನಪುಂಟಾ?" ಎಂದು ಕೇಳುತ್ತಾರೆ.